ಮರಾಠಿಯಲ್ಲಿ ಬರೆದ ಹನ್ನೊಂದು ಹೌದು

ಆ ಹನ್ನೊಂದು ಹಾಳೆಗಳಲ್ಲಿ ‘ಹೌದು’ ಎಂದು ಬರೆದವಳು ನಾನು, ವಿದ್ಯಾರ್ಥಿಗಳಲ್ಲ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ — ಮನೆಯವರಿಗೂ ಇಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಪುಣೆಯ ಹಡಪಸರದ ಒಂದು ಸಣ್ಣ ಸಮುದಾಯ ಕಾಲೇಜಿನಲ್ಲಿ ನಾನು ರೋಗಿಗಳ ಆರೈಕೆಯ ಕೋರ್ಸಿಗೆ ಪಾಠ ಹೇಳುತ್ತಿದ್ದೆ. ಹಗಲು ದುಡಿಯುವವರಿಗಾಗಿ ಸಂಜೆ ಒಂದು ತರಗತಿ ಇತ್ತು. ಅದರಲ್ಲಿ ಮುಕ್ಕಾಲು ಪಾಲು, ಅಂದರೆ ಹನ್ನೊಂದು ಜನ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಹೆಂಗಸರು. ಪಾಠ ಮರಾಠಿಯಲ್ಲಿ, ತಿಳಿಯದ್ದನ್ನು ನಾನು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದೆ. ವಿಜಾಪುರದವಳಾದ್ದರಿಂದ ಅವರಿಗೆ ನಾನು ಮೇಡಂ ಅಲ್ಲ, ಅಕ್ಕಾವ್ರು.

ಆ ವರ್ಷ ನಮ್ಮ ಪ್ರಾಂಶುಪಾಲರಿಗೆ ಆನ್‌ಲೈನ್ ಶಿಕ್ಷಣದ ಹುಚ್ಚು ಹತ್ತಿತು. ಇಡೀ ಕಾಲೇಜಿಗೆ ಒಂದೇ ಯೋಜನೆ, ಅದಕ್ಕೊಂದು ಸಮಿತಿ, ಸಮಿತಿಗೆ ನಾನು ಕಾರ್ಯದರ್ಶಿ. ಯಾವ ಪಾಠ ಕಂಪ್ಯೂಟರಿಗೆ ಹೋಗಬೇಕು, ಯಾವುದು ಕೋಣೆಯಲ್ಲೇ ಉಳಿಯಬೇಕು ಎಂದು ಎಲ್ಲರನ್ನೂ ಕೇಳಿಯೇ ತೀರ್ಮಾನಿಸಬೇಕೆಂದು ಹಟ ಹಿಡಿದವಳೂ ನಾನೇ — ಈಗ ನೆನೆದರೆ ನಾಚಿಕೆಯಾಗುತ್ತದೆ. ಪ್ರತಿಯೊಬ್ಬರಿಗೂ ಮರಾಠಿಯಲ್ಲಿ ಒಂದು ಹಾಳೆ: ಪಾಠ ನೋಡಲು ನಿಮಗೆ ಕಂಪ್ಯೂಟರ್ ಸಿಗುತ್ತದೆಯೇ? ‘ಇಲ್ಲ’ ಎಂದವರೇ ಹೆಚ್ಚಿದ್ದ ತರಗತಿಯನ್ನು ಮುಟ್ಟುವಂತಿರಲಿಲ್ಲ.

ಸಂಜೆಯ ತರಗತಿಯಲ್ಲಿ ಹಾಳೆ ಹಂಚಿದಾಗ ಶರಣಮ್ಮ ನಕ್ಕಳು. ಮೂವತ್ತರ ಹತ್ತಿರದ ಹೆಂಗಸು, ಊರಲ್ಲಿ ಏಳನೆಯ ತನಕ ಕನ್ನಡ ಶಾಲೆ ಕಲಿತವಳು. ಮರಾಠಿ ಆಡುತ್ತಿದ್ದಳು, ಬರೆಯಲು ಬಾರದು. ಸೊಂಟ ಹಿಡಿದುಕೊಂಡಿತ್ತು, ಇನ್ನು ಬುಟ್ಟಿ ಹೊರಲಾಗದು, ಈ ಸರ್ಟಿಫಿಕೇಟ್ ಸಿಕ್ಕರೆ ಆಸ್ಪತ್ರೆಯ ಕೆಲಸಕ್ಕೆ ಸೇರುತ್ತೇನೆ ಎಂದು ಕಾಯುತ್ತಿದ್ದಳು.

“ನಮ್ಮ ಹಂತ್ಯಾಕ ಮಷೀನ್ ಅಂದ್ರ ಕಾಂಕ್ರೀಟ್ ಕಲಸೋದೊಂದ ಅದರೀ ಅಕ್ಕಾವ್ರ,” ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

“ಸಹಿ ಅಷ್ಟ ಮಾಡ್ರಿ. ಉಳಿದದ್ದು ನಾ ತುಂಬತೀನಿ,” ಎಂದೆ.

ನಾನು ತಮ್ಮ ಕಡೆಯವಳು, ಅದಕ್ಕೇ ಹನ್ನೊಂದು ಜನವೂ ಮರುಮಾತಿಲ್ಲದೆ ಕನ್ನಡದಲ್ಲಿ ಸಹಿ ಹಾಕಿಕೊಟ್ಟರು. ಮರುದಿನ ಸ್ಟಾಫ್ ರೂಮಿನಲ್ಲಿ ಕೂತು ಹನ್ನೊಂದರಲ್ಲೂ ‘ಹೋಯ್’ ಎಂದು ಬರೆದೆ. ಮರಾಠಿಯ ಹೌದು.

ಯಾಕೆ? ಯೋಜನೆ ಗೆಲ್ಲಲಿ ಎಂದೇ? ಹಾಗೆಂದು ಬಹಳ ದಿನ ನನ್ನನ್ನೇ ನಂಬಿಸಿಕೊಂಡೆ. ನಿಜ ಇನ್ನೂ ಸಣ್ಣದು — ನನಗೆ ಸಂಜೆಯ ತರಗತಿ ಸಾಕಾಗಿತ್ತು. ನಮ್ಮ ಮನೆ ಇದ್ದದ್ದು ಕಾತ್ರಜದಲ್ಲಿ. ಎರಡು ಬಸ್ಸು ಬದಲಿಸಿ, ನಿಂತುಕೊಂಡೇ ಹೋಗಬೇಕು. ಆ ಒಂದು ತರಗತಿ ಇಲ್ಲದಿದ್ದರೆ ನಾಲ್ಕು ಗಂಟೆಗೇ ಹೊರಡಬಹುದಿತ್ತು. ಅಷ್ಟೇ.

ಮುಂದಿನ ಅವಧಿಗೆ ಸಂಜೆಯ ತರಗತಿ ಮುಚ್ಚಿತು. ಪಾಠಗಳೆಲ್ಲ ಕಂಪ್ಯೂಟರಿನಲ್ಲಿ, ಪಾಠ ತೆರೆದು ನೋಡಿದ್ದೇ ಹಾಜರಿ. ಹಾಜರಿ ಇಲ್ಲವೆಂದು ಎರಡು ತಿಂಗಳಲ್ಲಿ ಹನ್ನೊಂದೂ ಜನರ ಹೆಸರು ಪಟ್ಟಿಯಿಂದ ಹೊರಬಿತ್ತು.

ಒಂದು ದಿನ ಶರಣಮ್ಮ ಅರ್ಧ ದಿನದ ಕೂಲಿ ಬಿಟ್ಟು ಪ್ರಾಂಶುಪಾಲರನ್ನು ಕಾಣಲು ಬಂದಳು. ಅವಳ ಮಾತು ತಿಳಿಯದಿದ್ದರೆ ಎಂದು ಅವರು ನನ್ನನ್ನೂ ಕರೆಸಿದರು. ಅವರೇನೂ ಕೆಟ್ಟವರಲ್ಲ. ಫೈಲು ತೆಗೆದು ಅವಳ ಹಾಳೆಯನ್ನು ಮೇಜಿನ ಮೇಲಿಟ್ಟು, ಕಂಪ್ಯೂಟರ್ ಸಿಗುತ್ತದೆ ಎಂದು ನೀನೇ ಬರೆದಿದ್ದೀಯಲ್ಲಮ್ಮ, ಎಂದು ಮರಾಠಿಯಲ್ಲಿ ಮೆತ್ತಗೆ ಕೇಳಿದರು.

ಅವಳು ಹಾಳೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಕರಿಹಲಗೆಯ ಮೇಲೆ ದಿನವೂ ಕಂಡ ಅಕ್ಷರ, ಅವಳಿಗೆ ಗುರುತು ಸಿಗದೇ ಇರುತ್ತದೆಯೇ? ಈಗ ಹೇಳುತ್ತಾಳೆ, ನನ್ನ ಕೆಲಸ ಹೋಯಿತು —

“ಮೀಚ್ ಲಿಹಿಲಂ, ಸರ್,” ಎಂದಳು. ನಾನೇ ಬರೆದದ್ದು, ಸರ್.

ಕನ್ನಡದಲ್ಲಿ ಸಹಿ ಹಾಕಿದವಳು ಮರಾಠಿಯಲ್ಲಿ ಹೇಗೆ ಬರೆದಳು ಎಂದು ಪ್ರಾಂಶುಪಾಲರು ಕೇಳಲಿಲ್ಲ. ನಾನು ಬಾಯಿ ಬಿಡಲಿಲ್ಲ.

ಗೇಟಿನ ತನಕ ಅವಳ ಹಿಂದೆ ಹೋದೆ. ಏನು ಹೇಳಬೇಕೆಂದು ಹೋದೆನೋ... ಅವಳೇ ತಿರುಗಿ, “ನಿಮ್ಮ ನೌಕರಿ ಹೋಗಬಾರದ್ರೀ ಅಕ್ಕಾವ್ರ. ನಮ್ಮ ಮಂದಿ ಇಲ್ಲಿ ನೀವೊಬ್ರ ಇದ್ದೀರಿ,” ಎಂದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಕೆಲವು ವರ್ಷಗಳ ನಂತರ ವಿಮಾನ ನಗರದಲ್ಲಿ ಏಳುತ್ತಿದ್ದ ಒಂದು ಕಟ್ಟಡದ ಮುಂದೆ ಅವಳನ್ನು ಕಂಡೆ. ತಲೆಯ ಮೇಲೆ ಜಲ್ಲಿಯ ಬುಟ್ಟಿ, ಒಂದು ಕೈ ಸೊಂಟದ ಮೇಲೆ. ಹಸಿರು ಸಿಗ್ನಲ್ ಬೀಳುವವರೆಗೆ ನಾನು ಆಟೋದಲ್ಲೇ ಕೂತಿದ್ದೆ. ಇಳಿಯಲಿಲ್ಲ. ಆ ಹೊತ್ತಿಗೆ ನಾನು ಆನ್‌ಲೈನ್ ವಿಭಾಗದ ಮುಖ್ಯಸ್ಥೆ.

ಈಗ ನಿವೃತ್ತಳಾಗಿದ್ದೇನೆ. ಈ ವಾರ ಕಾಲೇಜಿಗೆ ಒಂದು ಪತ್ರ ಬರೆದೆ, ಹನ್ನೊಂದು ಹೆಸರುಗಳನ್ನೂ ಸೇರಿಸಿ. ಶರಣಮ್ಮ ಎಲ್ಲಿದ್ದಾಳೋ ಗೊತ್ತಿಲ್ಲ, ಹುಡುಕುತ್ತಿದ್ದೇನೆ. ಪತ್ರಕ್ಕೆ ನಾಲ್ಕು ಪುಟ ಹಿಡಿಯಿತು. ಆವತ್ತು ಆ ಕೋಣೆಯಲ್ಲಿ ಹೇಳಬೇಕಾಗಿದ್ದದ್ದು ಮಾತ್ರ ಒಂದೇ ಸಾಲು — ಸರ್, ಅದು ನನ್ನ ಕೈಬರಹ.