ತೂಕ ಎಂದರೆ ನೋಡುವ

ನನ್ನ ಅಣ್ಣನಿಗೆ ಅಂಗಡಿಯಲ್ಲೂ ಮನೆಯಲ್ಲೂ ಒಂದೇ ಉತ್ತರ: ‘ತೂಕ.’ ಕನ್ನಡ ಮಾತ್ರ ಬಲ್ಲವರಿಗೆ ಇದನ್ನು ಕೇಳಿದರೆ ತಕ್ಕಡಿ ನೆನಪಾಗುತ್ತದೆ. ಅವನದು ನರಿಕೊಂಬಿನಲ್ಲಿ ಜೀನಸಿನ ಅಂಗಡಿಯಾದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ನಮ್ಮ ತುಳುವಿನಲ್ಲಿ ತೂಕ ಎಂದರೆ ‘ನೋಡುವ’; ಘಟ್ಟದ ಮೇಲಿನವರ ‘ನೋಡೋಣ’. ಅದು ಹೌದೂ ಅಲ್ಲ, ಇಲ್ಲವೂ ಅಲ್ಲ. ಕೇಳಿದವರು ಬೇಸರ ಮಾಡಿಕೊಳ್ಳದೆ ಎದ್ದು ಹೋಗಲಿ ಎಂದು ಹೇಳುವ ಮಾತು. ನನಗಂತೂ ಅದನ್ನು ಕೇಳಿದರೆ ಮೈ ಉರಿಯುತ್ತಿತ್ತು.

ನಾವಿಬ್ಬರೂ ವಿಡಿಯೋ ಗೇಮ್ ಆಡುವವರು. ಮೂಡುಬಿದಿರೆಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವ, ನಲವತ್ತು ದಾಟಿದ ಹೆಂಗಸು ಭಾನುವಾರ ಬಸ್ಸು ಹತ್ತಿ ಅಣ್ಣನ ಮನೆಗೆ ಹೋಗಿ ರಾಕ್ಷಸರನ್ನು ಕೊಲ್ಲುತ್ತಾಳೆ ಎಂದು ಸ್ಟಾಫ್ ರೂಮಿನಲ್ಲಿ ನಗುತ್ತಾರೆ. ಅವರು ಧಾರಾವಾಹಿ ನೋಡಿ ಅಳುವುದಕ್ಕೆ ನಾನು ನಗುತ್ತೇನೆಯೇ? ನಾವು ಬೆಳ್ತಂಗಡಿಯಲ್ಲಿ ಬೆಳೆಯುತ್ತಿದ್ದಾಗ ಬಸ್ ಸ್ಟ್ಯಾಂಡಿನ ಹತ್ತಿರ ಟಿವಿ ಗೇಮಿನ ಒಂದು ಕೋಣೆ ಇತ್ತು. ಆಡುವವನು ಅಣ್ಣ, ಪಕ್ಕದಲ್ಲಿ ನಿಂತು ‘ಬಲಗಡೆ, ಬಲಗಡೆ’ ಎಂದು ಕಿರುಚುವವಳು ನಾನು. ಆ ಹುಚ್ಚು ಇಬ್ಬರನ್ನೂ ಬಿಡಲಿಲ್ಲ.

ಈಗ ಗೇಮುಗಳನ್ನು ಕೊಳ್ಳುವುದು ಕಂಪ್ಯೂಟರಿನಲ್ಲೇ. ವರ್ಷದಲ್ಲಿ ಕೆಲವು ಸಲ ಸೇಲ್ ಬರುತ್ತದೆ. ಇದು ಅರ್ಧ ಬೆಲೆ, ಅದು ಕಾಲು ಬೆಲೆ. ನನ್ನ ಕೈ ಆಗ ಸುಮ್ಮನಿರುವುದಿಲ್ಲ. ಅಣ್ಣ ಮಾತ್ರ ವ್ಯಾಪಾರಿಯ ಮುಖ ಹಾಕಿಕೊಂಡು ಕೂರುತ್ತಿದ್ದ.

“ಅರ್ಧ ಬೆಲೆಗೆ ಕೊಡ್ತಾನೆ ಅಂದ್ರೆ ಒಂದೋ ಅಕ್ಕಿಗೆ ಹುಳ ಬಿದ್ದಿದೆ, ಇಲ್ಲದಿದ್ರೆ ನಿನ್ನೆ ಡಬ್ಬಲ್ ರೇಟ್ ಹಾಕಿದ್ದ. ನಾನು ವ್ಯಾಪಾರ ಮಾಡುದಿಲ್ವಾ ಮಾರಾಯ್ತಿ?”

ಆಮೇಲೆ ಅವನ ಪ್ರಶ್ನೆಗಳು. ಸೇಲ್ ಇಲ್ಲದಿದ್ದರೆ ಇದರ ನೆನಪು ನಿನಗೆ ಬರುತ್ತಿತ್ತಾ? ಹೋದ ಸಲ ಕೊಂಡದ್ದನ್ನು ಮುಗಿಸಿದೆಯಾ? ಮುಗಿಸಲಾಗದ್ದು ಎಷ್ಟು ಕಡಿಮೆಗೆ ಸಿಕ್ಕಿದರೂ ದುಬಾರಿಯೇ ಎಂಬುದು ಅವನ ಸಿದ್ಧಾಂತ. ಇಷ್ಟೆಲ್ಲ ಅಳೆದೂ ಸುರಿದೂ ಒಮ್ಮೆ ಒಂದು ಕ್ರಿಕೆಟ್ ಗೇಮ್ ಆರಿಸಿದ; ಅದರಲ್ಲಿ ಚೆಂಡು ಬ್ಯಾಟಿನ ಒಳಗಿಂದಲೇ ತೂರಿ ಹೋಗುತ್ತಿತ್ತು. ಅತ್ತಿಗೆ ಇಂದಿಗೂ ಅದನ್ನು ಹೇಳಿ ಅವನ ಕಾಲೆಳೆಯುತ್ತಾರೆ.

ಅವನಿಗೆ ನಿಜವಾಗಿ ಬೇಕಾಗಿದ್ದದ್ದು ಒಂದೇ ಒಂದು ಗೇಮ್. ಒಂದು ಇಡೀ ದೇಶ ಅದು. ಬೆಟ್ಟ, ಹೊಳೆ, ಹುಲ್ಲುಗಾವಲು, ಕೊನೆಗೆ ಕಡಲು. ಎಲ್ಲಿಗೆ ಬೇಕಾದರೂ ನಡೆದು ಹೋಗಬಹುದು. ಪ್ರತಿ ಸೇಲಿನಲ್ಲೂ ಅದರ ಚಿತ್ರಗಳನ್ನು ಒಂದೊಂದಾಗಿ ನೋಡುತ್ತಿದ್ದ. ತೆಗೆದುಕೊಳ್ಳೋಣವಾ ಎಂದು ಕೇಳಿದರೆ, “ಅದು ಆರಾಮದಲ್ಲಿ ಕೂತು ಆಡುವಂಥದ್ದು. ಅಂಗಡಿಯ ತಲೆಬಿಸಿ ಸ್ವಲ್ಪ ಕಮ್ಮಿ ಆಗ್ಲಿ. ತೂಕ.”

ಅವನ ಕಣ್ಣಿನ ತೊಂದರೆ ನನಗೆ ಮೊದಲು ತಿಳಿದದ್ದು ಗೇಮಿನಲ್ಲೇ. ಪರದೆಯ ಎಡಗಡೆಯಿಂದ ಒಬ್ಬ ಕೊಡಲಿ ಹಿಡಿದು, ಸಂತೆಗೆ ಹೊರಟವನ ಹಾಗೆ ನಿಧಾನಕ್ಕೆ ನಡೆದು ಬಂದು ಅಣ್ಣನಿಗೆ ಹೊಡೆದ. “ಎಲ್ಲಿಂದ ಬಂದ ಇವ?” ಎಂದ ಅಣ್ಣ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಎರಡನೆಯ ಸಲವೂ ಹಾಗೇ ಆಯಿತು. ಮುಂದಿನ ಭಾನುವಾರವೂ ಅದೇ ಆದಾಗ ನಗು ಬರಲಿಲ್ಲ. ಮುಸ್ಸಂಜೆ ಅಂಗಡಿಯಿಂದ ಬರುವಾಗ ಚರಂಡಿಗೆ ಕಾಲು ಹಾಕುತ್ತಾರೆ ಎಂದು ಅತ್ತಿಗೆ ಆಗ ಬಾಯಿಬಿಟ್ಟರು.

ಮಂಗಳೂರಿಗೆ ಕರೆದುಕೊಂಡು ಹೋದೆ. ಡಾಕ್ಟರು ಘಟ್ಟದ ಮೇಲಿನವರು, ಸಮಾಧಾನದ ಮನುಷ್ಯ. ಕಣ್ಣಿನ ಹಿಂದಿನ ಪರದೆ ಅಂಚಿನಿಂದ ಒಳಕ್ಕೆ ಸಾಯುತ್ತಾ ಬರುತ್ತಿದೆ ಎಂದರು. ಇದನ್ನು ನಿಲ್ಲಿಸುವ ಮದ್ದು ಇಲ್ಲ. ನಡುವಿನ ದೃಷ್ಟಿ ಇನ್ನು ಕೆಲವು ಕಾಲ ಇರಬಹುದು, ಆಮೇಲೆ ಅದೂ ಹೋಗಬಹುದು. ಎಲ್ಲ ಹೇಳಿ ಮುಗಿಸಿ, “ನೀವೇನಾದ್ರೂ ಹೇಳೋದಿದೆಯಾ?” ಎಂದು ಕೇಳಿದರು.

ಅಣ್ಣ ನನ್ನ ಮುಖ ನೋಡಿದ. “ತೂಕ,” ಎಂದ.

“ತೂಕ ಕಡಿಮೆ ಆಗ್ತಿದೆಯಾ? ಎಷ್ಟು ದಿನದಿಂದ?” ಎಂದು ಡಾಕ್ಟರು ನರ್ಸನ್ನು ಕರೆದರು. ಅದು ತುಳುವಿನ ಮಾತು ಎಂದು ನಾನು ಹೇಳುವಷ್ಟರಲ್ಲಿ ಅಣ್ಣ ಚಪ್ಪಲಿ ಕಳಚಿ ತೂಕದ ಯಂತ್ರದ ಮೇಲೆ ನಿಂತ. ಊರಿಗೆಲ್ಲ ಕುಚ್ಚಲಕ್ಕಿ ತೂಗಿ ಕೊಟ್ಟವನು ಅಲ್ಲಿ ಕೈಕಟ್ಟಿ ನಿಂತದ್ದನ್ನು ನೋಡಲು ನನ್ನಿಂದಾಗಲಿಲ್ಲ. ಹೊರಗೆ ಬಂದ ಮೇಲೆ ಇಬ್ಬರೂ ನಕ್ಕೆವು. ನಗುತ್ತಾ ನಗುತ್ತಾ ನಾನು ಅತ್ತುಬಿಟ್ಟೆ. ಅವನು ಬಸ್ಸಿನ ಬೋರ್ಡ್ ಓದಲು ಹೋಗಿ, ಆಗದೆ, ಅದು ಯಾವ ಊರಿನದೆಂದು ನನ್ನನ್ನು ಕೇಳಿದ.

ಮುಂದಿನ ಸೇಲಿನ ಹೊತ್ತಿಗೆ ನಮ್ಮ ಲೆಕ್ಕಾಚಾರ ಬದಲಾಗಿತ್ತು. ಹುಳ ಬಿದ್ದಿದೆಯಾ, ಬೆಲೆ ಸರಿಯುಂಟಾ ಎಂಬುದೆಲ್ಲ ಹಿಂದಾಯಿತು. ಗುಹೆ, ಕತ್ತಲೆ ಇರುವುದು ಬೇಡ. ಅಕ್ಷರ ಸಣ್ಣದಿರುವುದು ಬೇಡ. ಪಕ್ಕದಿಂದ ವೈರಿ ಬರುವುದು ಬೇಡವೇ ಬೇಡ. ಹೀಗೆ ಜಾಲಿಸಿದರೆ ಉಳಿಯುವುದೇನು? ಒಂದು ಬೇಸಾಯದ ಗೇಮ್ ತೋರಿಸಿದೆ.

“ವಾರ ಇಡೀ ಜೀನಸು ಮಾರಿ ಬಂದು ಇಲ್ಲಿ ಟೊಮೆಟೊ ಮಾರುದಾ?” ಎಂದ.

ಅಷ್ಟರಲ್ಲಿ ಅವನ ಆ ದೊಡ್ಡ ಗೇಮ್ ಬಂತು, ಕಾಲು ಬೆಲೆಗೆ. ನಾನು ಬೇಗಬೇಗ ಪುಟ ಸರಿಸಿದೆ. ಆದರೆ ಅವನ ಕಣ್ಣಿನಲ್ಲಿ ಉಳಿದಿದ್ದ ಅಷ್ಟು ಜಾಗಕ್ಕೆ ಅದೇ ಸಿಕ್ಕಿಬಿಟ್ಟಿತ್ತು.

“ನಿಲ್ಲು. ಹಿಂದೆ ಹೋಗು.”

“ಭಾರೀ ದೊಡ್ಡದು ಅಣ್ಣ ಅದು. ಮುಗಿಸ್ಲಿಕ್ಕೆ ಆಗ್ಲಿಕ್ಕಿಲ್ಲ. ಮುಗಿಯದ್ದು ದುಬಾರಿ ಅಂತ ನೀನೇ ಹೇಳುದಲ್ವಾ?”

“ತೆಕ್ಕೊ,” ಎಂದ. “ಮುಂದಿನ ಸೇಲಿಗೆ ರೇಟು ಇನ್ನೂ ಕಮ್ಮಿ ಆಗ್ಬಹುದು. ಕಣ್ಣೂ ಕಮ್ಮಿ ಆಗ್ತದೆ.”

ಜೀವಮಾನದಲ್ಲಿ ಮೊದಲ ಬಾರಿ ಅವನು ನನ್ನ ಪ್ರಶ್ನೆಗೆ ನೇರ ಉತ್ತರ ಕೊಟ್ಟಿದ್ದ. ಇಷ್ಟು ವರ್ಷ ನಾನು ಬೇಡಿಕೊಂಡದ್ದು ಅದನ್ನೇ. ಅದು ಬಂದದ್ದು ಈಗ. ನಾನು ಕೊಳ್ಳುವ ಗುಂಡಿ ಒತ್ತಿದೆ. ಅತ್ತಿಗೆ ಚಹಾ ತಂದಿಟ್ಟು ಒಳಗೆ ಹೋದರು.

ಆ ಗೇಮನ್ನು ಅವನು ಆಡಿದ ರೀತಿಯನ್ನು ಬೇರೆ ಯಾರಾದರೂ ಕಂಡರೆ ತಲೆ ಕೆಟ್ಟಿದೆ ಎನ್ನುತ್ತಿದ್ದರು. ಕಥೆಯ ಗೊಡವೆಗೇ ಹೋಗಲಿಲ್ಲ. ಯಾರೋ ರಾಜಕುಮಾರಿಯನ್ನು ಬಿಡಿಸಬೇಕಿತ್ತು. ಅವಳು ಪಾಪ ಅಲ್ಲೇ ಕಾಯುತ್ತಿದ್ದಿರಬೇಕು. ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿ ಉಂಡು ಬಂದು, ಕುರ್ಚಿಯನ್ನು ಪರದೆಗೆ ಹತ್ತಿರ ಎಳೆದುಕೊಂಡು, ಒಂದು ಬೆಟ್ಟ ಹತ್ತುತ್ತಿದ್ದ. ತುದಿಯಲ್ಲಿ ನಿಂತು ಕತ್ತನ್ನು ನಿಧಾನಕ್ಕೆ ತಿರುಗಿಸುತ್ತಾ ಕಡಲನ್ನು ತುಂಡುತುಂಡಾಗಿ ನೋಡುತ್ತಿದ್ದ. ಕುರ್ಚಿ ವಾರವಾರಕ್ಕೂ ಇನ್ನಷ್ಟು ಮುಂದೆ ಬಂತು.

ಒಂದು ಭಾನುವಾರ ಅವನು ಕಂಟ್ರೋಲರನ್ನು ನನ್ನ ಕೈಗಿಟ್ಟ. “ನೀನು ಆಡು. ನಾನು ಪಕ್ಕದಲ್ಲಿ ಇರ್ತೇನೆ.”

ಬೆಳ್ತಂಗಡಿಯ ಕೋಣೆ ತಿರುವುಮುರುವಾಯಿತು. ‘ಬಲಗಡೆ’ ಎಂದು ಕೂಗಲು ಮಾತ್ರ ಅವನಿಂದಾಗದು, “ಬಲಗಡೆ ಎಂತ ಉಂಟು?” ಎಂದು ಕೇಳುತ್ತಾನೆ. ಬೆಟ್ಟ ಉಂಟು, ಎರಡು ಆಡು ಉಂಟು ಎನ್ನುತ್ತೇನೆ. “ಬಣ್ಣ ಯಾರು ಹೇಳುದು, ನಿನ್ನ ಹೆಡ್ಮಾಸ್ಟ್ರಾ?” ಎಂದು ಗದರುತ್ತಾನೆ. ಗಣಿತದವಳಿಗೆ ಬಣ್ಣ ಹೇಳಲು ಎಲ್ಲಿ ಬರುತ್ತದೆ? ಹಸಿರು ಎಂದರೆ ಯಾವ ಹಸಿರು ಎಂದು ಬೇರೆ ಕೇಳುತ್ತಾನೆ. ಅಂಗಡಿಯಲ್ಲಿ ಈಗ ತಕ್ಕಡಿ ಹಿಡಿಯುವುದು ಅತ್ತಿಗೆ.

ಮೊನ್ನೆ ಮತ್ತೆ ಸೇಲ್ ಬಂತು. ನಾನು ಅಭ್ಯಾಸಬಲದಿಂದ ಹೆಸರುಗಳನ್ನು ಗಟ್ಟಿಯಾಗಿ ಓದುತ್ತಾ ಹೋದೆ. ಒಂದು ದೋಣಿಯ ಗೇಮಿಗೆ ಬಂದಾಗ ಅಣ್ಣ ಕಿವಿಗೊಟ್ಟ.

“ಒಳ್ಳೆದುಂಟಾ? ತೆಕ್ಕೊಳ್ಳುವನಾ?”

“ತೂಕ,” ಎಂದೆ. ಹುಟ್ಟಿದಾಗಿನಿಂದ ಆಡಿದ ಭಾಷೆ, ಬಾಯಿಂದ ತಾನಾಗಿ ಬಿತ್ತು. ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡೆ. ನೋಡುವ ಎಂದರೆ ಇಬ್ಬರೂ ನೋಡುವುದು ತಾನೆ?

ಅಣ್ಣ ನನ್ನ ದನಿಯ ಕಡೆಗೆ ಮುಖ ತಿರುಗಿಸಿದ. ಬೇಸರ ಮಾಡಿಕೊಂಡಂತೆ ಕಾಣಲಿಲ್ಲ. “ತೂಲ,” ಎಂದ. ಅಂದರೆ, ನೀನು ನೋಡು. “ನೋಡಿ ನನಗೆ ಹೇಳು.”

ಕಣ್ಣೊರೆಸಿಕೊಂಡು, ಪರದೆಯ ಎಡತುದಿಯಿಂದ ಹೇಳಲು ಶುರುಮಾಡಿದೆ.