ಕಾಲು ತೊಳೆದು ಗದ್ದೆಗಿಳಿದ ಇಮೆಲ್ಡಾಬಾಯಿ

ಊರಿನವರೆಲ್ಲ ಗದ್ದೆಯಿಂದ ಬಂದ ಮೇಲೆ ಕಾಲು ತೊಳೆದರೆ, ಕಾಪುವಿನ ಇಮೆಲ್ಡಾಬಾಯಿ ಗದ್ದೆಗಿಳಿಯುವ ಮೊದಲೇ ತೊಳೆಯುತ್ತಿದ್ದರು. ಕಾಲಿಗಷ್ಟೇ ಅಲ್ಲ, ಹಾರೆಗೂ ಸ್ನಾನ. "ಬಾಯಮ್ಮ, ಹಾರೆಗೆ ಸಾಬೂನು ಬೇಡವಾ?" ಎಂದು ದಾರಿಯಲ್ಲಿ ಹೋಗುವವರು ತಮಾಷೆ ಮಾಡುವರು.

ಕಾರಣವಿತ್ತು. ಎಪ್ಪತ್ತರ ದಶಕದ ಕೊನೆಗೆ ಒಂದು ವರ್ಷ, ಭತ್ತ ಕೊಯ್ದ ಗದ್ದೆಯಲ್ಲಿ ಅವರು ಹಾಕಿದ್ದ ಕಲ್ಲಂಗಡಿ, ಊರವರ ಮಾತಿನಲ್ಲಿ ಬಚ್ಚಂಗಾಯಿ, ಬಳ್ಳಿಗಳೆಲ್ಲ ಕಾಯಿ ಹಿಡಿಯುವ ಹೊತ್ತಿಗೆ ಸೊರಗಿ ಸತ್ತವು. ಗ್ರಾಮಸೇವಕರು ಬಳ್ಳಿಯೊಂದರ ಬುಡ ಸೀಳಿ, ಒಳಗಿನ ಕಂದು ಗೆರೆ ತೋರಿಸಿದರು. ಮಣ್ಣಿನಲ್ಲಿ ಬೀಡುಬಿಟ್ಟ ಬೂಷ್ಟಿನ ಕೆಲಸವಂತೆ. ಕಾಲಿಗಂಟಿದ ಮಣ್ಣಿನೊಂದಿಗೂ ದಾಟುತ್ತದಂತೆ. ಒಮ್ಮೆ ಹೊಕ್ಕರೆ ವರ್ಷಗಟ್ಟಲೆ ಬಿಡುವುದಿಲ್ಲವಂತೆ.

ನೆರೆಮನೆಯ ಸುಗಂಧಿ ಕೇಳಿದ್ದೇ ತಡ, "ನನ್ನ ಮೇಲಿನ ಗದ್ದೆಯಲ್ಲಿ ನೀವು ಬಚ್ಚಂಗಾಯಿ ಹಾಕಿ ಬಾಯಮ್ಮ. ನಿಮ್ಮದರಲ್ಲಿ ನಾನು ಉದ್ದು ಬಿತ್ತುತ್ತೇನೆ" ಎಂದಳು.

ಕೊಟ್ಟವಳು ಅದನ್ನು ಮರೆತೂ ಬಿಟ್ಟಳು. ಪಡೆದವರಿಗೆ ಮಾತ್ರ ನೆಮ್ಮದಿ ಇರಲಿಲ್ಲ. ತನ್ನ ಗದ್ದೆಯ ರೋಗ ಅವಳ ಮಣ್ಣಿಗೂ ಹತ್ತಿದರೆ, ಯಾವ ಮುಖ ಹೊತ್ತು ಅವಳ ಅಂಗಳಕ್ಕೆ ಹೋಗುವುದು? ಕಾಲಿಗೂ ಹಾರೆಗೂ ಸ್ನಾನ ಶುರುವಾದದ್ದು ಆಗಲೇ.

ಮರುವರ್ಷ ಬಳ್ಳಿ ಹಬ್ಬಿತು, ಮಿಡಿ ಬಿಟ್ಟಿತು. ಒಂದು ಮಧ್ಯಾಹ್ನ ಹೋಗಿ ನೋಡುತ್ತಾರೆ, ಬದುವಿನ ಪಕ್ಕದ ಎರಡು ಬಳ್ಳಿಗಳು ಬಾಡಿ ಮಲಗಿವೆ! ಇಮೆಲ್ಡಾಬಾಯಿ ಅಲ್ಲಿಯೇ ಮೊಣಕಾಲೂರಿದರು.

"ಎಂತ ಬಾಯಮ್ಮ, ಇಗರ್ಜಿ ಬಿಟ್ಟು ಗದ್ದೆಯಲ್ಲೇ ಪ್ರಾರ್ಥನೆಯಾ?" ಬದುವಿನ ಮೇಲೆ ಸುಗಂಧಿ ನಿಂತಿದ್ದಳು.

"ನಿನ್ನ ಮಣ್ಣು ಕೆಡಿಸಿಬಿಟ್ಟೆ ಅಂತ ಕಾಣ್ತದೆ ಸುಗಂಧಿ."

ಕತ್ತಿ ಹಿಡಿದು ಒಂದರ ಬುಡ ಸೀಳಿದರು. ಕಂದು ಗೆರೆಯ ಸುಳಿವೇ ಇಲ್ಲ. ಒಳಗೆಲ್ಲ ಎಳೆಸೌತೆಯಂಥ ತಿಳಿಹಸಿರು. ನಂಬಿಕೆ ಬಾರದೆ ಇನ್ನೊಂದನ್ನೂ ಸೀಳಿದರು. ಅದೂ ಹಾಗೆಯೇ. ಆಗಷ್ಟೇ ಬುಡದ ಮಣ್ಣಿನ ಕಡೆ ಕಣ್ಣು ಹೋಯಿತು. ಯಾರೋ ಕೆದರಿದ್ದರು, ಬೇರು ಹರಿದು ಮೇಲೆದ್ದಿತ್ತು. ಪಕ್ಕದಲ್ಲೊಂದು ಕೆಂಪು ಗರಿ.

ಸುಗಂಧಿ ಗರಿಯನ್ನೆತ್ತಿ ನೋಡಿ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ಇದು ನಮ್ಮ ಹುಂಜ ಮಾರಾಯ್ರೆ! ಹುಳ ಹುಡುಕಲಿಕ್ಕೆ ಬಂದದ್ದು. ಇವತ್ತೇ ಕಟ್ಟಿಹಾಕ್ತೇನೆ."

"ಕಟ್ಟುವುದು ಎಂತಕ್ಕೆ? ಕಾಲು ತೊಳೆದು ಬಿಡು, ಸಾಕು!" ಎಂದ ಇಮೆಲ್ಡಾಬಾಯಿ, ಬದುವಿನ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ತಿಂಗಳುಗಳಿಂದ ಬಿಗಿಹಿಡಿದಿದ್ದ ಉಸಿರು ಆ ನಗೆಯಲ್ಲಿ ಹೊರಬಿತ್ತು.

ಆ ವರ್ಷದ ಮೊದಲ ಹಣ್ಣನ್ನು ಸುಗಂಧಿಯ ಅಂಗಳದಲ್ಲಿಯೇ ಕತ್ತರಿಸಿದರು. ಸಿಪ್ಪೆಯ ಪಾಲು ಹುಂಜದ್ದು. ಕಾಲು ತೊಳೆಯುವುದನ್ನು ಮಾತ್ರ ಇಮೆಲ್ಡಾಬಾಯಿ ಕೊನೆಯವರೆಗೂ ಬಿಡಲಿಲ್ಲ.