ಕಮಲಾಪುರದಲ್ಲಿ ಅಳಿಸಿದ ಒಂದು ಚಿತ್ರ

ಹುಮನಾಬಾದ್ ಕಡೆಗೆ ಹೋಗುವ ಬಸ್ಸು ಕಲಬುರಗಿ ನಿಲ್ದಾಣ ಬಿಟ್ಟಾಗ ಬೆಳಗಿನ ಚಳಿ ಇನ್ನೂ ಇಳಿದಿರಲಿಲ್ಲ. ನನ್ನ ತೊಡೆಯ ಮೇಲೆ ಕ್ಯಾಮೆರಾದ ಚೀಲವಿತ್ತು. ಕಾಲ ಬಳಿ ಬಟ್ಟೆ ತುಂಬಿದ ಸೂಟ್‌ಕೇಸು. ನನಗೂ ಗೆಳತಿ ನಸ್ರೀನಳಿಗೂ ನಡುವೆ ಬಾಗಿಲಿನಷ್ಟು ಅಗಲದ ಬಿಳಿ ಥರ್ಮಾಕೋಲ್ ಹಾಳೆ. ಕಂಡಕ್ಟರ್ ನಮ್ಮ ಆಧಾರ್ ಕಾರ್ಡು ನೋಡಿ, ಹೆಂಗಸರ ಉಚಿತ ಟಿಕೆಟ್ ಹರಿದು ಕೊಟ್ಟು, ಆ ಹಾಳೆಯನ್ನೇ ನೋಡುತ್ತ ನಿಂತರು.

"ಇದೇನ್ರೀ ಅಕ್ಕಾರ, ಮದುವಿ ಡೆಕೋರೇಶನ್ನೇನು?"

"ಅಲ್ರೀ, ಫೋಟೋ ತಗ್ಯಾಕ. ಮುಖದ ಮ್ಯಾಲ ಬೆಳಕು ಬೀಳಸ್ತದ," ಎಂದೆ.

ಅವರು ಬಗ್ಗಿ ಕಿಟಕಿಯಾಚೆಗಿನ ಬಿಸಿಲು ನೋಡಿದರು. "ನಮ್ಮ ಕಡಿ ಬೆಳಕಿಗೇನು ಕಮ್ಮಿ ಅದ?" ಎಂದು ಹಾಳೆಯನ್ನು ಒಯ್ದು ಚಾಲಕರ ಸೀಟಿನ ಹಿಂದೆ ನಿಲ್ಲಿಸಿದರು.

ಸೇಡಂ ರಸ್ತೆಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ನನ್ನ ಕೆಲಸ. ದಿನವಿಡೀ ಜನರ ತೋಳು ಹಿಡಿದು ರಕ್ತ ತೆಗೆಯುತ್ತೇನೆ. ಸೂಜಿ ಕಂಡರೆ ಹೆದರುವವರಿಗೆ "ಆ ಕಡೆ ನೋಡ್ರಿ" ಎನ್ನುವುದು ನನ್ನ ಬಾಯಿಗೆ ಹತ್ತಿದ ಮಾತು. ಮದುವೆಗಳ ಫೋಟೋ ತೆಗೆಯುತ್ತಿದ್ದವರೊಬ್ಬರು ಬಿಟ್ಟುಕೊಟ್ಟ ಹಳೆಯ ಕ್ಯಾಮೆರಾವನ್ನು ಕಳೆದ ಮಳೆಗಾಲದಲ್ಲಿ ಕೊಂಡಿದ್ದೆ. ಫೋನಿನಲ್ಲಿ ವೀಡಿಯೋ ನೋಡಿ ಕಲಿತೆ. ಕೋಟೆಯ ಪಾರಿವಾಳ, ನೆಹರು ಗಂಜಿನಲ್ಲಿ ಒಟ್ಟಿದ ತೊಗರಿ ಚೀಲ, ನಮ್ಮ ಓಣಿಯ ಬೇವಿನಮರ ಎಲ್ಲವನ್ನೂ ತೆಗೆದೆ. ಮನುಷ್ಯರನ್ನು ಮಾತ್ರ ತೆಗೆಯಲಿಲ್ಲ. "ಈ ಕಡೆ ನೋಡ್ರಿ" ಎಂದ ಮೇಲೆ ಅವರು ನಿಜವಾಗಿ ನನ್ನನ್ನೇ ನೋಡಿಬಿಟ್ಟರೆ ಏನು ಮಾಡಬೇಕೆಂದು ನನಗೆ ತಿಳಿಯುತ್ತಿರಲಿಲ್ಲ.

ಆ ಅಳುಕನ್ನು ಮುರಿದವಳು ನಸ್ರೀನ್. ನಮ್ಮ ಓಣಿಯಲ್ಲೇ ಮನೆ, ಇಷ್ಟು ವರ್ಷ ಮನೆಯಲ್ಲೇ ಹೊಲಿಗೆ. ಈಗ ಅಂಗಡಿ ಹಿಡಿದಿದ್ದಳು. ಬೋರ್ಡಿಗೆ ಫೋಟೋ ಬೇಕಿತ್ತು.

"ಇಂಟರ್ನೆಟ್ಟಿನಾಗಿನ ಹುಡುಗಿ ಫೋಟೋ ಹಾಕಂಗಿಲ್ಲ ನಾ," ಎಂದಿದ್ದಳು. "ಬಟ್ಟಿ ನಂದು, ಹುಡುಗಿ ನಮ್ಮ ಕಡೀದು, ಫೋಟೋ ನಿಂದು."

"ನನಗ ಬರಂಗಿಲ್ಲ ನಸ್ರೀನ್."

"ಹುಟ್ಟಿದಾಗಿಂದ ನನಗ ಗುಂಡಿ ಕಾಜಾ ಹಾಕಾಕ ಬರ್ತಿತ್ತೇನು? ಹತ್ತು ಅಂಗಿ ಕೆಡಿಸಿದ ಮ್ಯಾಲ ಬಂತು."

ಹುಡುಗಿ ಎಂದರೆ ಕಮಲಾಪುರದ ಸವಿತಾ. ಕಲಬುರಗಿಯಲ್ಲಿದ್ದು ನಸ್ರೀನಳ ಬಳಿ ಹೊಲಿಗೆ ಕಲಿತು, ಊರಿಗೆ ಮರಳಿ ತಾನೇ ಮಷಿನ್ ಹಾಕಿಕೊಂಡಿದ್ದಳು. ಸೂಟ್‌ಕೇಸಿನಲ್ಲಿದ್ದ ಖಣದ ಕುರ್ತಾಗಳಲ್ಲಿ ಅರ್ಧ ಅವಳೇ ಹೊಲಿದು ಕಳಿಸಿದವು. ಎತ್ತರದ ಹುಡುಗಿ, ಏನು ಉಟ್ಟರೂ ಒಪ್ಪುತ್ತದೆ ಎಂದು ನಸ್ರೀನ್ ದಾರಿಯುದ್ದಕ್ಕೂ ಹೇಳಿದಳು.

ಊರು ದಾಟಿ, ಗಡಿಕಲ್ಲು ನೆಟ್ಟ ಲೇಔಟುಗಳು ಮುಗಿದ ಮೇಲೆ ತೊಗರಿ ಹೊಲಗಳು ಬಂದವು. ಕೆಲವೆಡೆ ಕೊಯ್ದು ಗುಡ್ಡೆ ಹಾಕಿದ್ದರು. ಮಹಾಗಾಂವ ಕ್ರಾಸಿನಲ್ಲಿ ಬಸ್ಸು ನಿಂತಾಗ ನಸ್ರೀನ್ ಕಿಟಕಿಯಿಂದಲೇ ಹಸಿಕಡಲೆ ಗಿಡದ ಕಟ್ಟು ಕೊಂಡಳು. ಸುಲಿದು ತಿನ್ನುತ್ತ ಹೋದೆವು. ಒಟ್ಟು ನಲವತ್ತು ಕಿಲೋಮೀಟರಿಗೂ ಕಡಿಮೆ ದಾರಿ. ತಾಸಿನ ಆಸುಪಾಸಿನಲ್ಲಿ ಕಮಲಾಪುರ ಮುಟ್ಟಿದೆವು.

ನಿಲ್ದಾಣದ ಬಳಿ ಕೆಂಪು ಬಾಳೆಯ ಗೊನೆಗಳನ್ನಿಟ್ಟುಕೊಂಡು ಜನ ಕುಳಿತಿದ್ದರು. ಈ ಊರಿಗೆ ಹೆಸರು ತಂದ ಹಣ್ಣು ಅದು. ಸವಿತಾ ಅಲ್ಲಿಗೇ ಬಂದಿದ್ದಳು. ನಸ್ರೀನಳನ್ನು ಕಂಡೊಡನೆ ಓಢಣಿಯ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಾಚಿಕೆಯೆಂದುಕೊಂಡೆ.

ಮನೆಯಲ್ಲಿ ಅವಳ ತಾಯಿ ಕಾಶಿಬಾಯಿ ಚಹಾ ಕೊಟ್ಟರು. "ಫೋಟೋ ಅಂದ್ರ ಈಕಿ ಓಡಿ ಹೋಗ್ತಾಳ್ರೀ. ಇವತ್ತ ಹೆಂಗ ಹೂಂ ಅಂದಾಳೊ," ಎಂದರು. ಸವಿತಾ ಕಪ್‌-ಬಸಿಗಳನ್ನು ಒಳಗೆ ಒಯ್ಯುತ್ತ, "ಬಟ್ಟಿ ನಾನೇ ಹೊಲ್ದೀನಲ್ಲವ್ವ, ಅದಕ್ಕ," ಎಂದಳು.

ಊರಂಚಿನಲ್ಲಿ ಅವಳ ಕಾಕಾನ ಬಾಳೆತೋಟ. ಹಸಿರು ಖಣದ ಕುರ್ತಾ ತೊಟ್ಟು ಸವಿತಾ ಗಿಡಗಳ ನಡುವೆ ನಿಂತಳು. ವೀಡಿಯೋಗಳಲ್ಲಿ ಕಲಿತದ್ದನ್ನೆಲ್ಲ ನಾನು ಒಂದೊಂದಾಗಿ ಹೇಳಿದೆ. ಭುಜ ತಿರುವು, ಗದ್ದ ಇಳಿಸು, ನಡುವಿನ ಮೇಲೆ ಕೈ ಇಡು. ಹೇಳಿದಂತೆ ಅವಳು ಮಾಡಿದಳು. ಆದರೆ ಕ್ಯಾಮೆರಾದ ಪರದೆಯ ಮೇಲೆ ಕಂಡವಳು ಹಲ್ಲುನೋವಿಗೆ ಔಷಧ ಕೇಳಲು ಬಂದವಳಂತಿದ್ದಳು. ಎಲೆಗಳ ನೆರಳು ಮುಖದ ಮೇಲೆ ಪಟ್ಟೆ ಪಟ್ಟೆಯಾಗಿ ಬಿದ್ದಿತ್ತು. ಕೆಲವು ಚಿತ್ರಗಳಲ್ಲಿ ಕಣ್ಣು ಮಸುಕಾಗಿ ಹಿಂದಿನ ಬಾಳೆಗೊನೆ ಸ್ಪಷ್ಟವಾಗಿತ್ತು. ಇದು ನನ್ನ ತಪ್ಪು, ಅವಳದಲ್ಲ ಎಂದು ತಿಳಿದಿದ್ದರೂ, "ಸ್ವಲ್ಪ ಸಡಿಲ ಬಿಡು" ಎಂದು ಅವಳಿಗೇ ಹೇಳುತ್ತಿದ್ದೆ.

"ಜರಾ ನಗು ಸವಿತಾ," ಎಂದಳು ನಸ್ರೀನ್, ಥರ್ಮಾಕೋಲ್ ಎತ್ತಿ ಹಿಡಿದು. ಸವಿತಾ ತುಟಿ ಬಿಗಿಹಿಡಿದೇ ಅಗಲಿಸಿದಳು. ಅದು ನಗುವಾಗಲಿಲ್ಲ.

ಬಿಸಿಲು ನೆತ್ತಿಗೇರಿ ಕಣ್ಣ ಕೆಳಗೆ ಕಪ್ಪು ನೆರಳು ಬೀಳತೊಡಗಿದಾಗ ನಿಲ್ಲಿಸಿದೆವು. ಮನೆಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಊಟದ ಮೇಲೆ ಕೆಂಪು ಬಾಳೆ. ಸಿಪ್ಪೆ ದಪ್ಪ, ಒಂದು ತಿಂದರೆ ಹೊಟ್ಟೆ ತುಂಬುವಂಥದು. ಬೆಳಗಿನ ಚಿತ್ರಗಳನ್ನು ಯಾರೂ ಕೇಳಲಿಲ್ಲ, ನಾನೂ ತೋರಿಸಲಿಲ್ಲ.

ಸಂಜೆಗೆ ಮುಂಚೆ ಮತ್ತೆ ತೋಟಕ್ಕೆ ಹೋದೆವು. ಈ ಸಲ ಸವಿತಾ ಆ ಕೆಂಪು ಬಾಳೆಯದೇ ಬಣ್ಣದ ಕುರ್ತಾ ತೊಟ್ಟಿದ್ದಳು. ಬಿಸಿಲು ಈಗ ಎಲೆಗಳ ಕೆಳಗಿನಿಂದ ಓರೆಯಾಗಿ ಬರುತ್ತಿತ್ತು. ನಾನು ಕ್ಯಾಮೆರಾ ಕಣ್ಣಿಗೆ ಹಿಡಿದಿದ್ದಾಗಲೇ ಗಾಳಿ ಬೀಸಿತು. ನಸ್ರೀನಳ ಕೈಯಿಂದ ಹಾಳೆ ಹಾರಿಹೋಗಿ ಬದುವಿನಲ್ಲಿ ಕಟ್ಟಿದ್ದ ಎಮ್ಮೆಯ ಬೆನ್ನಿಗೆ ಬಡಿದು ಎರಡು ತುಂಡಾಯಿತು. ಎಮ್ಮೆ ಕದಲಲಿಲ್ಲ, ಮೆಲುಕು ಹಾಕುತ್ತಲೇ ಇತ್ತು. ಓಡಿಹೋದ ನಸ್ರೀನ್ ಅದರ ಎದುರು ನಿಂತು ಗಂಭೀರವಾಗಿ, "ಮಾಫ್ ಕರೋ ಅಮ್ಮಾ," ಎಂದಳು.

ಸವಿತಾ ನಕ್ಕಳು. ತಲೆ ಹಿಂದಕ್ಕೆ ವಾಲಿತು, ಕಣ್ಣು ಮುಚ್ಚಿದವು, ಕೈಗಳು ಕುರ್ತಾದ ಅಂಚು ಹಿಡಿದಲ್ಲೇ ಉಳಿದವು. ನಾನು ಒತ್ತಿದೆ.

ಪರದೆಯಲ್ಲಿ ನೋಡಿದೆ. ಕೆನ್ನೆಯ ಒಂದು ಬದಿಗೆ ಬಿಸಿಲು, ಕೊರಳಿನ ನರ ಬಿಗಿದಿದೆ, ಮೇಲಿನ ಸಾಲಿನ ಮುಂದಕ್ಕೆ ಬಂದ ಹಲ್ಲುಗಳು ಬೆಳಕಿನಲ್ಲಿ ಬೆಳ್ಳಗೆ ಕಾಣುತ್ತಿವೆ. ಇಡೀ ಮೈ ನಗುತ್ತಿತ್ತು. ಇಷ್ಟು ತಿಂಗಳಲ್ಲಿ ನಾನು ತೆಗೆದ ಮನುಷ್ಯರ ಮೊದಲ ಚಿತ್ರ ಅದೇ ಎನಿಸಿತು.

ನಸ್ರೀನ್ ಬಂದು ಇಣುಕಿದಳು. "ಇದೇ. ಬೋರ್ಡಿಗೆ ಇದೇ. ಬ್ಯಾರೆ ಏನೂ ಬ್ಯಾಡ."

ಸವಿತಾ ಕೂಡ ಬಂದು ನೋಡಿದಳು. ಅವಳ ಮುಖ ಇಳಿಯಿತು. "ಇದನ್ನ ಡಿಲೀಟ್ ಮಾಡ್ರಿ ಅಕ್ಕಾರ."

"ಪಾಗಲ್ ಏನು ನೀ? ಎಷ್ಟು ಛಲೋ ಕಾಣಾಕತ್ತಿ ನೋಡು," ಎಂದಳು ನಸ್ರೀನ್.

"ನಿಮಗ ಕಾಣ್ತದ ಆಪಾ. ಸಾಲ್ಯಾಗ ನನಗ ಏನಂತ ಕರೀತಿದ್ರು ನಿಮಗ ಗೊತ್ತಿಲ್ಲ." ಅವಳು ಕ್ಯಾಮೆರಾದಿಂದ ಮುಖ ತಿರುಗಿಸಿಕೊಂಡಳು. "ಹೋದ ವರ್ಷ ನನ್ನ ನೋಡಾಕ ಬಂದಿದ್ರು. ಹುಡುಗನ ಅತ್ತಿ 'ಒಂದೀಟು ನಗವಾ' ಅಂದ್ರು. ಪ್ರೀತಿಲೆ ಅಂದ್ರು ಅಂತ ನಾ ನಕ್ಕೆ. ಎತ್ತಿನ ಹಲ್ಲ ನೋಡ್ದಂಗ ಬಗ್ಗಿ ನೋಡಿದ್ರು."

"ನನಗ ಹೇಳೇ ಇಲ್ಲಲ್ಲ ನೀ," ಎಂದಳು ನಸ್ರೀನ್ ಮೆಲ್ಲಗೆ.

"ಅದರಾಗ ಹೇಳೂದೇನದ?"

ನಸ್ರೀನ್ ನನ್ನ ಕಡೆ ನೋಡಿದಳು. ನೀನಾದರೂ ತಿಳಿಸಿ ಹೇಳು ಎನ್ನುವಂತಿತ್ತು ಆ ನೋಟ. ಹೇಳಲು ನನ್ನ ಬಳಿ ಮಾತುಗಳಿದ್ದವು. ನೀನು ಚೆಲುವೆ, ಜನರ ಮಾತು ಬಿಡು, ಇದನ್ನು ನೋಡಿದವರ ಬಾಯಿ ಮುಚ್ಚುತ್ತದೆ. ಅವೆಲ್ಲ ನಿಜವೂ ಆಗಿದ್ದವು. ಅಳಿಸಿದೆ ಎಂದು ಸುಳ್ಳು ಹೇಳಿ ಉಳಿಸಿಕೊಳ್ಳುವ ಯೋಚನೆಯೂ ಬಂದುಹೋಯಿತು. ಆದರೆ ಬೆಳಗಿನಿಂದ ಅವಳು ನಾನು ಹೇಳಿದಂತೆ ಮೈ ತಿರುಗಿಸಿದ್ದಳು, ಕೈ ಎತ್ತಿದ್ದಳು, ಬಿಸಿಲಲ್ಲಿ ನಿಂತಿದ್ದಳು. ಕೊಡಲು ಒಲ್ಲೆನೆಂದದ್ದು ಈ ಒಂದನ್ನು ಮಾತ್ರ. ಅವಳು ಮೈಮರೆತ ಹೊತ್ತಿನಲ್ಲಿ ಅದನ್ನೇ ನಾನು ತೆಗೆದುಕೊಂಡಿದ್ದೆ. ಚಿತ್ರ ಚೆನ್ನಾಗಿ ಬಂದಿದೆ ಎಂಬುದರಿಂದ ಅದು ನನ್ನದಾಗುತ್ತಿರಲಿಲ್ಲ.

ಕ್ಯಾಮೆರಾವನ್ನು ಅವಳ ಕೈಗೆ ಕೊಟ್ಟು ಗುಂಡಿ ತೋರಿಸಿದೆ. "ನೀನೇ ಒತ್ತು."

ಅಳಿಸಬೇಕೇ ಎಂದು ಯಂತ್ರ ಮತ್ತೊಮ್ಮೆ ಕೇಳಿತು. ಅವಳು ಒತ್ತಿದಳು. ಚಿತ್ರ ಹೋಯಿತು. ನಸ್ರೀನ್ ಥರ್ಮಾಕೋಲ್ ತುಂಡುಗಳನ್ನು ಆಯಲು ಹೋದಳು.

ಬೆಳಕು ಇನ್ನೂ ಸ್ವಲ್ಪ ಉಳಿದಿತ್ತು. ಹೇಗೆ ನಿಲ್ಲಬೇಕೆಂದು ಈ ಸಲ ನಾನು ಹೇಳಲಿಲ್ಲ. "ನಿನಗ ಹೆಂಗ ಬೇಕು?" ಎಂದು ಕೇಳಿದೆ.

ಅವಳು ಸುತ್ತ ನೋಡಿ, ತೋಟದ ಬಾವಿಯ ಕಟ್ಟೆಯ ಮೇಲೆ ಕುಳಿತಳು. ಬಲಗೈ ಮೊಣಕಾಲ ಮೇಲಿಟ್ಟು ಕುರ್ತಾದ ತೋಳಿನ ನೆರಿಗೆಗಳನ್ನು ಸರಿಪಡಿಸಿಕೊಂಡಳು. "ಈ ತೋಳಿನ ಚುಣ್ಣಿ ನೋಡ್ರಿ, ಮೂರು ಸಲ ಬಿಚ್ಚಿ ಹೊಲ್ದೀನಿ. ಇದು ಕಾಣಬೇಕು," ಎಂದಳು. ಆಮೇಲೆ ನೇರವಾಗಿ ನನ್ನ ಕಡೆ ನೋಡಿದಳು. ಬಾಯಿ ಮುಚ್ಚಿತ್ತು. ಬೆಳಗಿನ ಬಿಗಿತ ಅದರಲ್ಲಿರಲಿಲ್ಲ. ಹೇಳಬೇಕಾದ್ದನ್ನು ಹೇಳಿ ಮುಗಿಸಿದವಳ ಬಾಯಿ ಅದು. ಆ ನೋಟದೆದುರು ನಾನು ಅವಸರ ಮಾಡಲಿಲ್ಲ. ಕಣ್ಣಿಗೆ ಫೋಕಸ್ ಕೂಡಿಸಿ, ಉಸಿರು ಹಿಡಿದು ಒತ್ತಿದೆ. ಬೆಳಕು ಹೋಗುವವರೆಗೆ ತೆಗೆದವುಗಳಲ್ಲಿ ಒಂದು ಒಳ್ಳೆಯದಿತ್ತು. ಆ ನಗುವಿನಷ್ಟು ಒಳ್ಳೆಯದಲ್ಲ. ಆದರೆ ಅದನ್ನು ನೋಡಿ ಸವಿತಾ, "ಇದು ಇರಲಿ," ಎಂದಳು.

ಕಳಿಸಲು ಬಂದ ಸವಿತಾಳೊಡನೆ ನಿಲ್ದಾಣಕ್ಕೆ ಹೋಗುವಾಗ ನಸ್ರೀನ್ ಮುಂದೆ ಮುಂದೆ ನಡೆದಳು. ಸಿಟ್ಟಾಗಿದ್ದಾಳೆಂದುಕೊಂಡೆ. ಬಸ್ಸಿಗೆ ಕಾಯುತ್ತ ನಿಂತಾಗ ಅವಳೇ ಸವಿತಾಳನ್ನು ಕೇಳಿದಳು.

"ಬೋರ್ಡಿಗೆ ಆ ತೋಳಿನ ಫೋಟೋನೇ ಹಾಕ್ತೀನಿ. ಕೆಳಗ ನಿನ್ನ ಹೆಸರು ಹಾಕಲೇನು? ಹೊಲಿದಾಕಿ ಅಂತ."

"ಹಾಕ್ರಿ," ಎಂದಳು ಸವಿತಾ.

ಬಸ್ಸು ಬಂತು. ನಾನು ಮೆಟ್ಟಿಲ ಮೇಲೆ ಕಾಲಿಟ್ಟಾಗ ಅವಳು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದಳು. "ಅಕ್ಕಾರ, ಖರೇ ಹೇಳ್ರಿ. ಅಳಿಸಿದ್ದು ಛಲೋ ಬಂದಿತ್ತೇನು?"

"ಇವತ್ತಿನದ್ರಾಗ ಅದೇ ಛಲೋ ಇತ್ತು," ಎಂದೆ.

ಅವಳು ತಲೆಯಾಡಿಸಿದಳು. ಬೇಸರವೋ ಸಮಾಧಾನವೋ ತಿಳಿಯಲಿಲ್ಲ. ಬಾಗಿಲು ಮುಚ್ಚಿತು. ನಾನು ಕಿಟಕಿಯ ಬಳಿ ಕುಳಿತ ಮೇಲೆ ಅವಳು ಕೆಳಗಿನಿಂದ ಹೇಳಿದ್ದು ಕೇಳಿಸಿತು.

"ಮತ್ತ ಬರ್ರಿ. ಯಾವಾಗ ಒತ್ತಬೇಕಂತ ನಾ ಹೇಳ್ತೀನಿ."

ಬಸ್ಸು ಕಲಬುರಗಿಯತ್ತ ತಿರುಗಿತು. ಹಿಂತಿರುಗಿ ನೋಡಿದೆ. ಅವಳು ಬಾಳೆ ಮಾರುವವರ ಪಕ್ಕದಲ್ಲಿ, ದೀಪದ ಕೆಳಗೆ, ನಮ್ಮ ಕಡೆಗೇ ನೋಡುತ್ತ ನಿಂತಿದ್ದಳು.